ಒಂಬತ್ತು ಖಾಲಿ ದಿನಗಳು

ಫೆಬ್ರವರಿ ೮

ನನ್ನ ಮುದ್ದು ಅಕ್ಕಾ,

ಮದುವೆಯಾಗಿ ಇವತ್ತಿಗೆ ಇಪ್ಪತ್ತನಾಲ್ಕು ದಿನ! ಹೀಗೆ ಎಣಿಸುತ್ತಾ ಕೂತರೆ ಹುಚ್ಚಿ ಅಂತಾರೆ ಅಂತ ಇವರು ನಗುತ್ತಾರೆ. ಅನ್ನಲಿ ಬಿಡು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಹಸಿರು ಗುರುತು ಹಾಕುತ್ತಲೇ ಇದ್ದೇನೆ. ನಿನ್ನ ಫೋನು ಹಗಲೆಲ್ಲ ಕಾರ್ಖಾನೆಯ ಗೇಟಿನ ಡಬ್ಬದಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತದೆ. ಸಂಜೆ ಸಿಕ್ಕರೂ ‘ಹ್ಞೂಂ, ಆಮೇಲೆ’ ಅನ್ನುವ ಎರಡೇ ಮಾತು. ಅದಕ್ಕೇ ಕಾಗದ.

ಮನೆ ಎರಡನೇ ಮಹಡಿಯಲ್ಲಿದೆ. ಅಡುಗೆಮನೆ ಎಷ್ಟು ಚಿಕ್ಕದೆಂದರೆ ನಾವಿಬ್ಬರೂ ಒಳಗಿದ್ದರೆ ಒಬ್ಬರು ತಿರುಗಲು ಇನ್ನೊಬ್ಬರು ಹೊರಗೆ ಹೋಗಬೇಕು. ನಾವು ಹೋಗುವುದಿಲ್ಲ! ವಾರದಲ್ಲಿ ಮೂರು ದಿನ ಇವರಿಗೆ ಮನೆಯಿಂದಲೇ ಕೆಲಸ. ಬಾಗಿಲಿನ ಪಕ್ಕದ ಕೋಣೆಯಲ್ಲಿ ಮೇಜು, ಎರಡು ಕಂಪ್ಯೂಟರ್ ಪರದೆ, ಗೋಡೆ ತುಂಬ ಫೈಲು. ಎಷ್ಟೋ ಕಾರ್ಖಾನೆಗಳಿಗೆ ಜನರನ್ನು ಸೇರಿಸುವುದು, ಬಿಡಿಸುವುದು, ಅದರ ಕಾಗದಪತ್ರ ನೋಡಿಕೊಳ್ಳುವುದು ಇವರ ಸಂಸ್ಥೆಯ ಕೆಲಸವಂತೆ. ನನಗೆ ಎಲ್ಲ ವಿವರಿಸಿದರು. ಖಾಯಂ ಆದವರು, ಹನ್ನೊಂದು ತಿಂಗಳ ಕರಾರಿನವರು, ಏಜೆನ್ಸಿಯ ಮೂಲಕ ಬಂದವರು, ದಿನಗೂಲಿಯವರು, ಕರೆದಾಗ ಮಾತ್ರ ಬರುವವರು. ಕೆಲಸ ಮಾಡುವುದರಲ್ಲಿ ಇಷ್ಟೊಂದು ಬಗೆ ಇದೆ ಅಂತ ಯಾರಿಗೆ ಗೊತ್ತಿತ್ತು! “ನಾನು ಯಾವ ಬಗೆ?” ಅಂತ ಕೇಳಿದೆ. “ಖಾಯಂ. ರಾಜೀನಾಮೆಗೂ ಅವಕಾಶ ಇಲ್ಲ” ಅಂದರು. ಅಕ್ಕಾ, ನಾನು ಕರಗಿ ನೀರಾದೆ.

ಈಗ ದೊಡ್ಡ ಸುದ್ದಿ. ನನಗೂ ಕೆಲಸ ಸಿಕ್ಕಿದೆ! ಇವರ ಬರವಣಿಗೆ ಒಣ ರಸ್ಕಿನ ಥರ. ನನ್ನ ಇಂಗ್ಲಿಷ್ ಚೆಂದ, ಹಾಗಾಗಿ ಕಾಗದಗಳನ್ನೆಲ್ಲ ನಾನು ಬರೆದುಕೊಡುತ್ತೇನೆ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ. ನನಗೂ ಒಂದು ಕರಾರು ಕೊಡಿ ಅಂದೆ, ತಮಾಷೆಗೆ. “ಮನೆಯವಳಿಗೆ ಕರಾರು ಯಾಕೆ?” ಅಂದರು. ಹೌದಲ್ಲ!

ಕಳೆದ ವಾರ ಯಾವುದೋ ಕಾರ್ಖಾನೆಯ ನಲವತ್ತೆರಡು ಜನಕ್ಕೆ ಕರಾರು ಮುಗಿಯಿತು ಅಂತ ತಿಳಿಸಬೇಕಿತ್ತು. ಇವರು ಬರೆದದ್ದನ್ನು ಓದಿದರೆ ಪೊಲೀಸ್ ನೋಟೀಸಿನ ಹಾಗಿತ್ತು. ನಾನು ಕೂತು ಇಂಗ್ಲಿಷಿನಲ್ಲಿ ಬರೆದೆ, ಓದುವವರಿಗೆ ಅರ್ಥವಾಗಲಿ ಅಂತ ಕೆಳಗೆ ನಮ್ಮ ಭಾಷೆಯಲ್ಲೂ ಬರೆದೆ. ಕೊನೆಯ ಸಾಲು ಕೇಳು: ‘ನೀವು ನಮ್ಮೊಡನೆ ಕಳೆದ ಕಾಲವನ್ನು ನಾವು ಹೂವಿನಂತೆ ಜೋಪಾನ ಮಾಡುತ್ತೇವೆ, ಮುಂದಿನ ದಾರಿ ನಿಮಗೆ ಬೆಳಕಾಗಿರಲಿ.’ ಇವರು ಎರಡು ಸಲ ಓದಿದರು. ಆಮೇಲೆ, “ಇದನ್ನ ಪಡೆದವರು ಥ್ಯಾಂಕ್ಸ್ ಹೇಳಿದ್ರೂ ಹೇಳ್ತಾರೆ” ಅಂದರು. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದವಳು ನೀನು ತಾನೇ, ಆದ್ದರಿಂದ ಈ ಹೊಗಳಿಕೆಯಲ್ಲಿ ಅರ್ಧ ನಿನಗೆ!

ಲಕ್ಷ ಮುತ್ತುಗಳೊಂದಿಗೆ,
ನಿನ್ನ ಚಿನಕುರಳಿ


ಫೆಬ್ರವರಿ ೨೧

ಚಿನಕುರಳಿ,

ನಿನ್ನ ಕಾಗದ ಹದಿನಾಲ್ಕನೇ ತಾರೀಖು ಬಂತು. ಅದೇ ದಿನ ನನಗೆ ಇನ್ನೊಂದು ಕಾಗದವೂ ಬಂತು. ಎರಡನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಆಮೇಲೆ ದಿನಾ ಓದುತ್ತಿದ್ದೇನೆ.

ನೀನು ಚೆನ್ನಾಗಿ ಬರೆಯುತ್ತೀಯ. ಆ ಹೂವಿನ ಸಾಲು ನನಗೀಗ ಬಾಯಿಪಾಠ.

ನನ್ನ ಕೆಲಸದಲ್ಲಿ ಸ್ವಲ್ಪ ಬದಲಾವಣೆಯಾಗಿದೆ, ಹಗಲಿನಲ್ಲಿ ಬಿಡುವು ಇರುತ್ತದೆ. ಹಾಗಂತ ಫೋನು ಮಾಡಬೇಡ. ಕಾಗದವೇ ಬರೆ. ನಿನ್ನ ಕಾಗದಗಳನ್ನು ಜೋಪಾನವಾಗಿ ಇಡುತ್ತಿದ್ದೇನೆ.

ನಿಮ್ಮವರ ಕೆಲಸದ ಬಗ್ಗೆ ಇನ್ನೂ ಬರೆ. ಯಾವ ಯಾವ ಕಾರ್ಖಾನೆ, ಹಳೆಯ ದಾಖಲೆಗಳೆಲ್ಲ ಎಲ್ಲಿಗೆ ಬರುತ್ತವೆ, ಯಾರ ಕೈಗೆ. ಓದಿದವಳಲ್ಲ ನಾನು, ತಿಳಿದುಕೊಳ್ಳುವ ಆಸೆ. ನೀನು ಬರೆದ ಕಾಗದದಲ್ಲಿ ‘ಘಟಕ ಏಳು’ ಅಂತ ಏನಾದರೂ ಇತ್ತಾ?

ಅಕ್ಕ


ಮಾರ್ಚ್ ೧

ಅಕ್ಕಾ ಅಕ್ಕಾ ಅಕ್ಕಾ!

ಯಾರು?! ಯಾರದು ಆ ಇನ್ನೊಂದು ಕಾಗದ? ದಿನಾ ಓದುತ್ತೀಯಂತೆ! ನನ್ನಿಂದ ಮುಚ್ಚಿಡಬಹುದು ಅಂದುಕೊಂಡೆಯಾ? ನಿಮ್ಮ ಆ ಚಿತ್ರ ಬಿಡಿಸುವ ಬ್ರಷ್‌ಗಳ ಕಾರ್ಖಾನೆಯಲ್ಲಿ ಗಂಡಸರು ಅಂತ ಇರುವುದೇ ಐದಾರು ಜನ. ಹಿಡಿಕೆಗೆ ಬಣ್ಣ ಹಚ್ಚುವ ಆ ಸಾಧು ಮನುಷ್ಯ ಅಲ್ಲ ತಾನೇ? ಅವರಾದರೆ ನಾನು ಈಗಲೇ ಒಪ್ಪಿದೆ. ನನ್ನ ಓದು, ನನ್ನ ಮದುವೆ ಅಂತ ನೀನು ನಿನ್ನದೆಲ್ಲ ಮುಂದಕ್ಕೆ ತಳ್ಳಿದೆ. ಈಗ ನಿನ್ನ ಸರದಿ. ಇವರಿಗೂ ಹೇಳಿದೆ. “ನಮ್ಮಕ್ಕನಿಗೆ ಯಾರೋ ಕಾಗದ ಬರೆದಿದಾರೆ ರೀ” ಅಂದೆ. ಇವರು ಲೋಟ ಮೇಜಿನ ಮೇಲಿಟ್ಟು, “ಏನಂತೆ?” ಅಂದರು. “ಅದೇ ಹೇಳ್ತಾ ಇಲ್ಲ, ಗುಟ್ಟು” ಅಂದೆ. ಪಾಪ, ಅಷ್ಟು ಗಂಭೀರವಾಗಿ ಕೇಳಿಸಿಕೊಂಡರು. ನಿನ್ನ ಮೇಲೆ ಎಷ್ಟು ಕಾಳಜಿ ನೋಡು.

ನೀನು ಕೇಳಿದ್ದಕ್ಕೆ ಉತ್ತರ. ಕಾರ್ಖಾನೆಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಗುಟ್ಟು ಕಾಪಾಡಲು ಹಾಗೆ ಅಂತೆ. ಘಟಕ ಏಳು ಹೌದು, ನನ್ನ ಹೂವಿನ ಕಾಗದ ಹೋದದ್ದು ಅಲ್ಲಿಗೇ! ನಿನಗೆ ಹೇಗೆ ಗೊತ್ತಾಯಿತು? ಬುದ್ಧಿವಂತೆ ಬಿಡು, ಓದಿದವಳಲ್ಲ ಅನ್ನುವುದು ಸುಮ್ಮನೆ.

ಹಳೆಯ ದಾಖಲೆಗಳು ನಮ್ಮ ಬಾಲ್ಕನಿಯಲ್ಲೇ ಇವೆ. ಹನ್ನೊಂದು ರಟ್ಟಿನ ಪೆಟ್ಟಿಗೆ. ಹಾಜರಿಯೆಲ್ಲ ಈಗ ಬೆರಳಿಡುವ ಯಂತ್ರದಲ್ಲಿ ಇದೆಯಂತೆ, ಹಾಗಾಗಿ ಗೇಟಿನಲ್ಲಿ ಕೈಯಲ್ಲಿ ಬರೆದ ಪುಸ್ತಕಗಳು ಬೇಡ. ಈ ತಿಂಗಳ ಕೊನೆಯೊಳಗೆ ಹರಿದು ಹಾಕಬೇಕು. ಆ ಕೆಲಸವೂ ನನ್ನದೇ. ಕಾಗದ ಎಷ್ಟು ದಪ್ಪ ಗೊತ್ತಾ? ಮೂರನೇ ನಂಬರಿನ ಪುಸ್ತಕದ ಹಾಳೆಗಳನ್ನು ಕತ್ತರಿಸಿ ಅಡುಗೆಮನೆಯ ಕಪಾಟಿಗೆಲ್ಲ ಹಾಸಿದೆ. ಉಪ್ಪಿನ ಡಬ್ಬ ಎತ್ತಿದರೆ ಯಾರೋ ಒಬ್ಬರು ಬೆಳಗ್ಗೆ ಏಳು ಐವತ್ತೆರಡಕ್ಕೆ ಒಳಗೆ ಬಂದಿರುತ್ತಾರೆ! ಇವರು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಬೇಗ ಹೇಳು ಯಾರು ಅಂತ, ತಲೆ ಸಿಡಿಯುತ್ತಿದೆ.

ನಿನ್ನ ಚಿನಕುರಳಿ


ಮಾರ್ಚ್ ೮

ಚಿನಕುರಳಿ,

ಏಳನೇ ನಂಬರಿನ ಪೆಟ್ಟಿಗೆ ಹರಿಯಬೇಡ. ಒಂದು ಹಾಳೆಯನ್ನೂ ಕತ್ತರಿಸಬೇಡ. ಪಕ್ಕದ ಮನೆಯ ಮಕ್ಕಳಿಗೆ ಚಿತ್ರ ಬಿಡಿಸಲು ದಪ್ಪ ಕಾಗದ ಬೇಕಂತೆ, ಪುಸ್ತಕಗಳು ಹಾಗೇ ಇಡಿಯಾಗಿರಲಿ. ಪಾರ್ಸೆಲ್ ಮಾಡಿ ಕಳಿಸು. ನಿಮ್ಮವರಿಗೆ ಹೇಳುವ ಅಗತ್ಯ ಇಲ್ಲ, ಇಷ್ಟು ಚಿಕ್ಕ ವಿಷಯ.

ನನಗೆ ಕಾಗದ ಬರೆದವರ ವಿಷಯ ನೀನು ಕೇಳಿದ್ದೆ. ಅವರನ್ನು ಒಂದು ಗಳಿಗೆಯೂ ಮರೆತಿಲ್ಲ. ಅವರಿಗೆ ಏನು ಮಾಡಿದರೆ ಸರಿಹೋಗುತ್ತದೆ ಅಂತ ಯೋಚಿಸುತ್ತಿದ್ದೇನೆ. ತಕ್ಕ ಉತ್ತರ ಕೊಡುತ್ತೇನೆ. ನಿನಗೆ ತಿಳಿಯದೆ ಇರುವುದಿಲ್ಲ.

ಪಾರ್ಸೆಲ್ ಬೇಗ.

ಅಕ್ಕ


ಮಾರ್ಚ್ ೧೬

ಅಕ್ಕಾ,

ಹೇಗೆ ಶುರು ಮಾಡಲಿ ಗೊತ್ತಾಗುತ್ತಿಲ್ಲ. ನಿನ್ನೆ ಮಧ್ಯಾಹ್ನ ಬಾಲ್ಕನಿಯಲ್ಲಿ ಏಳನೇ ಪೆಟ್ಟಿಗೆ ಬಿಚ್ಚಿದೆ. ಒಂಬತ್ತು ಪುಸ್ತಕ. ಧೂಳು ಒರೆಸುತ್ತಾ ಮೇಲಿನದನ್ನು ತೆರೆದೆ. ಪ್ರತಿ ಹಾಳೆಯಲ್ಲೂ ಒಂದೇ ಸಹಿ, ಬೆಳಗ್ಗೆ ಒಂದು, ಸಂಜೆ ಒಂದು. ಕೊನೆಯ ಅಕ್ಷರಕ್ಕೆ ಆ ಉದ್ದ ಬಾಲ. ನನ್ನ ಶಾಲೆಯ ಪ್ರೋಗ್ರೆಸ್ ಕಾರ್ಡಿನ ಮೇಲೆ ಹನ್ನೆರಡು ವರ್ಷ ನೋಡಿದ ಬಾಲ ಅದು.

ಪುಸ್ತಕ ಹಿಡಿದುಕೊಂಡೇ ಇವರ ಕೋಣೆಗೆ ಹೋದೆ.

“ರೀ, ಇದು ನಮ್ಮಕ್ಕನ ಸಹಿ.”

“ಇರಬಹುದು.”

“ಇರಬಹುದು ಅಂದ್ರೆ?”

“ಏಳು ಅಂದ್ರೆ ಬ್ರಷ್ ಕಾರ್ಖಾನೆ. ನಿಮ್ಮಕ್ಕ ಅಲ್ಲೇ ತಾನೇ ಇದ್ದಿದ್ದು.”

“ಇದ್ದಿದ್ದು ಏನು, ಅಲ್ಲೇ ಇದಾಳೆ.”

ಇವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. “ಫೆಬ್ರವರಿ ಹದಿನಾಲ್ಕಕ್ಕೆ ಮುಗೀತು. ಕೂದಲು ಕಟ್ಟೋ ವಿಭಾಗ ಪೂರ್ತಿ. ಅವರ ಜಾಗಕ್ಕೆ ಏಜೆನ್ಸಿಯಿಂದ ಹೊಸಬರು ಬರ್ತಾರೆ.”

ಅಕ್ಕಾ, ಆಗ ನನ್ನ ಮಂದ ತಲೆಗೆ ಹೊಳೆಯಿತು. ಹದಿನಾಲ್ಕನೇ ತಾರೀಖು. ಪಕ್ಕಪಕ್ಕ ಇಟ್ಟುಕೊಂಡು ಓದಿದೆ ಅಂದಿದ್ದೆಯಲ್ಲ. ನಾನು ಪ್ರೇಮಪತ್ರ ಅಂದುಕೊಂಡು ಕುಣಿದಾಡಿದೆ.

“ನಿಮಗೆ ಯಾವಾಗ ಗೊತ್ತಾಯ್ತು?” ಅಂದೆ.

“ಪಟ್ಟಿ ಬಂದಿದ್ದು ಜನವರಿ ಮೊದಲ ವಾರ.”

“ಮದುವೆಗೆ ಮುಂಚೆ.”

“ಮದುವೆ ಮನೇಲಿ ಹೇಳೋ ವಿಷಯಾನಾ ಅದು? ಪಟ್ಟಿ ನಾನು ಮಾಡಿದ್ದಲ್ಲ, ಮೇಲಿಂದ ಬಂದಿದ್ದು. ಒಂದು ಹೆಸರು ತೆಗೆದ್ರೆ ಪಕ್ಷಪಾತ ಅಂತಾರೆ.”

“ಮತ್ತೆ ಆ ಕಾಗದ ನನ್ನ ಕೈಯಲ್ಲೇ ಯಾಕೆ ಬರೆಸಿದ್ರಿ?”

ಅದಕ್ಕೆ ಇವರು ಏನಂದರು ಗೊತ್ತಾ? “ನಿಮ್ಮಕ್ಕನಿಗೆ ಹೋಗೋದು, ಮೃದುವಾಗಿರಲಿ ಅಂತ.”

ಒಳ್ಳೆಯದು ಮಾಡಿದ್ದೇನೆ ಅನ್ನುವ ಮುಖ ಮಾಡಿಕೊಂಡು ಹೇಳಿದರು. ನನ್ನ ಕೈಲಿದ್ದ ಪುಸ್ತಕ ಎಸೆದುಬಿಡಬೇಕು ಅನ್ನಿಸಿತು. ಎಸೆಯಲಿಲ್ಲ. ನಿನ್ನ ಸಹಿ ಇತ್ತಲ್ಲ ಅದರಲ್ಲಿ.

ಕ್ಯಾಲೆಂಡರಿನ ಹಸಿರು ಪೆನ್ನು ಕಸದ ಬುಟ್ಟಿಗೆ ಹೋಗಿದೆ. ಬೈದಾದರೂ ಒಂದು ಕಾಗದ ಬರೆ. ಅಕ್ಕಾ, ನನಗೆ ಗೊತ್ತಿರಲಿಲ್ಲ.

ಚಿನಕುರಳಿ


ಮಾರ್ಚ್ ೨೩

ಗೊತ್ತಿರಲಿಲ್ಲ ಅನ್ನುವುದು ನನಗೆ ಗೊತ್ತು. ಅದರಿಂದ ಏನಾಯಿತು?

ನಲವತ್ತೆರಡು ಜನರಲ್ಲಿ ಒಬ್ಬಳು ನಿನ್ನ ಅಕ್ಕ ಅಂತ ತಿಳಿದ ಮೇಲೆ ನಿನ್ನ ಪೆನ್ನು ಬುಟ್ಟಿಗೆ ಹೋಯಿತು. ಉಳಿದ ನಲವತ್ತೊಂದು ಜನಕ್ಕೆ ಹೂವು ಅಂಟಿಸಿ ಕಳಿಸುವಾಗ ಏನೂ ಅನ್ನಿಸಲಿಲ್ಲ. ಅವರೆಲ್ಲ ಆ ಕಾಗದ ಹಿಡಿದುಕೊಂಡು ನನ್ನ ಬಳಿ ಬಂದರು, “ಇದರಲ್ಲಿ ಏನಿದೆ ಅಕ್ಕಾ, ವಾಪಸ್ ಕರೀತಾರಾ, ಇಷ್ಟು ಒಳ್ಳೆ ಮಾತು ಬರೆದಿದಾರಲ್ಲ?” ಅಂತ. ನೀನು ಎಷ್ಟು ಚೆನ್ನಾಗಿ ಬರೆದಿದ್ದೆ ಎಂದರೆ ಕೆಲಸ ಹೋಗಿದೆ ಎಂದು ಇಬ್ಬರಿಗೆ ತಿಳಿಯಲೇ ಇಲ್ಲ. ಮರುದಿನ ಬೆಳಗ್ಗೆ ಗೇಟಿಗೆ ಹೋಗಿ ನಿಂತಿದ್ದರು.

ಸರಿಯಾಗಿ ಕೇಳಿಸಿಕೋ. ನಮ್ಮ ಕರಾರು ಹನ್ನೊಂದು ತಿಂಗಳದ್ದು. ಮುಗಿದ ಮೇಲೆ ಒಂದು ದಿನ ಖಾಲಿ, ಆಮೇಲೆ ಹೊಸ ಕರಾರು. ನಡುವೆ ಒಂದು ದಿನ ಕಡಿದರೆ ನಾವು ಒಂದೇ ಸಮನೆ ದುಡಿದಂತೆ ಲೆಕ್ಕವಿಲ್ಲ, ಖಾಯಂ ಕೇಳುವ ಹಾಗಿಲ್ಲ. ನನಗೆ ಹಾಗೆ ಒಂಬತ್ತು ಸಲ ಆಯಿತು. ಆದರೆ ಅತಿ ಸಣ್ಣ ಬ್ರಷ್‌ಗೆ ಕೂದಲು ಕಟ್ಟುವವರು ನಾವು ಕೆಲವರೇ. ಒಂದು ದಿನ ನಿಂತರೂ ಅವರಿಗೆ ಆಗುವುದಿಲ್ಲ. ಅದಕ್ಕೆ ಖಾಲಿ ದಿನವೂ ನನ್ನನ್ನು ಕರೆಯುತ್ತಿದ್ದರು. “ಯಂತ್ರಕ್ಕೆ ಬೆರಳು ಇಡಬೇಡ, ಸುಮ್ನೆ ಒಳಗೆ ಬಾ” ಅನ್ನುತ್ತಿದ್ದರು.

ನನ್ನ ಬೆರಳನ್ನು ಆ ಯಂತ್ರ ಗುರುತಿಸುವುದೇ ಇಲ್ಲ. ದಾರ ಎಳೆದು ಎಳೆದು ತುದಿ ಸವೆದು ನುಣ್ಣಗಾಗಿದೆ. ಅದು ಮೇಲಿನವರಿಗೆ ನೆನಪಿರಲಿಲ್ಲ. ಗೇಟಿನ ತಾತನಿಗೆ ನೆನಪಿತ್ತು. ನನಗೊಬ್ಬಳಿಗೆ ಅಂತ ಪುಸ್ತಕ ಇಟ್ಟು ದಿನಾ ಸಹಿ ಹಾಕಿಸುತ್ತಿದ್ದ. ಖಾಲಿ ದಿನವೂ ಹಾಕಿಸಿದ. “ಇವತ್ತು ಬೇಡವಂತೆ ತಾತ” ಅಂದರೆ, “ಒಳಗೆ ಹೋದವರ ಹೆಸರು ನನ್ನ ಪುಸ್ತಕದಲ್ಲಿ ಇರಬೇಕು ಕಣಮ್ಮ, ನಾಳೆ ಬೆಂಕಿ ಬಿದ್ರೆ ಯಾರನ್ನ ಅಂತ ಹುಡುಕಲಿ?” ಅನ್ನುತ್ತಿದ್ದ. ಆ ಒಂಬತ್ತೂ ದಿನ ನಿನ್ನ ಬಾಲ್ಕನಿಯಲ್ಲಿವೆ.

ನನಗೆ ಬೇಕಾಗಿದ್ದದ್ದು ಅದೊಂದೇ ಅಲ್ಲ. ನೀನು ನಗುನಗುತ್ತಾ ನಿನ್ನ ಕೈಯಾರೆ ಕಳಿಸಬೇಕು, ಅದರಿಂದ ನಿನ್ನ ಗಂಡನ ಕೆಲಸ ಹೋಗಬೇಕು, ಕಾರಣ ತಾನೇ ಅಂತ ನಿನಗೆ ಆಮೇಲೆ ತಿಳಿಯಬೇಕು. ನನಗೆ ಆದ ಹಾಗೆಯೇ. ಅದಕ್ಕೇ ಸುಳ್ಳು ಹೇಳಿದೆ. ನಾಚಿಕೆ ಇಲ್ಲ. ಜನವರಿಯಲ್ಲಿ ಪಟ್ಟಿ ನೋಡಿಕೊಂಡು ಮದುವೆಯಲ್ಲಿ ನನ್ನ ಪಕ್ಕ ನಿಂತು ಹಲ್ಲು ಬಿಟ್ಟು ಫೋಟೋ ತೆಗೆಸಿಕೊಂಡ ಮನುಷ್ಯ ಅವನು.

ದಾಖಲೆ ಹರಿಯಲು ಹೇಳಿದ್ದು, ನಿನ್ನ ಕೈಯಲ್ಲಿ ಬರೆಸಿದ್ದು, ಎಲ್ಲವೂ ನಿನ್ನ ಕಾಗದಗಳಲ್ಲೇ ಇದೆ. ನಾನು ಅವನ್ನು ಕಾರ್ಮಿಕ ಅಧಿಕಾರಿಯ ಮುಂದೆ ಇಡುತ್ತೇನೆ. ಪುಸ್ತಕ ಕಳಿಸಿದರೆ ನಿನ್ನ ಗಂಡನಿಗೆ ಹೊಡೆತ, ಕಳಿಸದಿದ್ದರೆ ನಿನಗೆ ಅಕ್ಕ ಇಲ್ಲ. ಯಾವುದು ಬೇಕೋ ನೋಡಿಕೋ.


ಏಪ್ರಿಲ್ ೨

ಅಕ್ಕಾ,

ನಿನ್ನ ಕಾಗದ ಓದಿ ಒಂದು ದಿನ ಅತ್ತೆ. ಎರಡನೇ ದಿನ ನಿನ್ನ ಮೇಲೆ ಸಿಟ್ಟು ಬಂತು. ಮಕ್ಕಳ ಚಿತ್ರದ ಕಾಗದವಂತೆ! ಪಕ್ಕದ ಮನೆಯಲ್ಲಿ ಮಕ್ಕಳೇ ಇಲ್ಲವಲ್ಲ ಅಂತ ನನಗೆ ಹೊಳೆಯಲೂ ಇಲ್ಲ. ಮೂರನೇ ದಿನ ಸಿಟ್ಟು ಸರಿಯಾದ ಜಾಗಕ್ಕೆ ಹೋಗಿ ಕೂತಿತು. ಈಗ ಅದು ಮುಂದಿನ ಕೋಣೆಯಲ್ಲಿ ಎರಡು ಪರದೆಯ ಮುಂದೆ ಕೂತಿದೆ.

ಒಂಬತ್ತು ಪುಸ್ತಕವೂ ಈ ಪಾರ್ಸೆಲಿನಲ್ಲಿವೆ. ಇವರು ಬಾಗಿಲಿಗೆ ಅಡ್ಡ ನಿಂತರು. “ಅದು ಸಂಸ್ಥೆಯ ದಾಖಲೆ, ಮನೆಯಿಂದ ಹೊರಗೆ ಹೋಗೋ ಹಾಗಿಲ್ಲ” ಅಂದರು. “ಹರಿಯೋ ಹಾಗಿತ್ತು, ಹೋಗೋ ಹಾಗಿಲ್ವಾ?” ಅಂದೆ. “ನನ್ನ ಕೆಲಸ ಹೋಗುತ್ತೆ ಕಣೇ.” “ಮುಂದಿನ ದಾರಿ ನಿಮಗೆ ಬೆಳಕಾಗಿರಲಿ” ಅಂದೆ. ಪಕ್ಕಕ್ಕೆ ಸರಿದರು.

ಜೊತೆಗೆ ಇನ್ನೆರಡು ಕಟ್ಟು ಇವೆ. ಒಂದರಲ್ಲಿ ಕಪಾಟಿನಿಂದ ಕಿತ್ತ ಮೂರನೇ ನಂಬರಿನವರ ಹಾಳೆಗಳು. ಎಣ್ಣೆ ಕಲೆ ಆಗಿದೆ, ಆದರೆ ಓದಬಹುದು. ಆ ಜನ ಯಾರೋ ಏನೋ, ಅವರಿಗೂ ಖಾಲಿ ದಿನಗಳು ಇರಬಹುದು, ಅಧಿಕಾರಿಗೆ ಕೊಡು. ನೀನು ಹೇಳಿದ್ದು ಸರಿ, ಉಳಿದ ನಲವತ್ತೊಂದು ಜನರನ್ನು ನಾನು ಒಮ್ಮೆಯೂ ಕಣ್ಣಮುಂದೆ ತಂದುಕೊಂಡಿರಲಿಲ್ಲ. ಅದನ್ನು ಓದಿದಾಗ ಮುಖಕ್ಕೆ ಹೊಡೆದ ಹಾಗಾಯಿತು.

ಇನ್ನೊಂದು ಕಟ್ಟು ನನ್ನ ಹೇಳಿಕೆ. ನನ್ನ ಕಾಗದಗಳನ್ನು ಕದ್ದು ತೋರಿಸುವ ಹಾಗೆ ತೋರಿಸಬೇಡ, ನಾನೇ ಸಹಿ ಹಾಕಿ ಕೊಡುತ್ತಿದ್ದೇನೆ. ಕಾಗದ ಬರೆದವಳು ನಾನು, ಬರೆಸಿದವರು ಇವರು, ಹರಿಯಲು ಹೇಳಿದವರು ಇವರು. ದಿನಾ ಒಂಬತ್ತರಿಂದ ಒಂದರವರೆಗೆ ಕರಾರಿಲ್ಲದೆ ಸಂಸ್ಥೆಯ ಕೆಲಸ ಮಾಡಿದ ನಾನೂ ಒಬ್ಬ ದೂರುದಾರಳು. ನಿಮ್ಮ ಪಟ್ಟಿಯಲ್ಲಿ ನಲವತ್ತಮೂರನೆಯವಳು ಅಂತ ಸೇರಿಸು.

ಮನೆ ಬಿಟ್ಟು ಬರುತ್ತೀಯಾ ಅಂತ ನೀನು ಕೇಳಿಲ್ಲ. ಬರುವುದಿಲ್ಲ. ಬಂದುಬಿಟ್ಟರೆ ಇವರಿಗೆ ಸುಲಭ. ಇವರಿಗೆ ಆರು ತಿಂಗಳ ಪ್ರೊಬೇಷನ್ ಅಂತ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಕೆಲಸದ ವಿವರ: ಅಡುಗೆ, ಪಾತ್ರೆ, ನಿಜ ಹೇಳುವುದು. ತೃಪ್ತಿಕರವಾಗಿ ಇಲ್ಲದಿದ್ದರೆ ಕಾರಣ ಕೊಡದೆ ತೆಗೆಯಬಹುದು. “ಇದೇನು ಆಟಾನಾ?” ಅಂದರು. ಸಹಿ ಹಾಕಿ ಅಂದೆ. ಹಾಕಿದರು. ‘ರೀ’ ಅನ್ನುವುದನ್ನು ಬಿಟ್ಟಿದ್ದೇನೆ. ಹೆಸರು ಹಿಡಿದು ಕರೆದಾಗ ಬೆಚ್ಚಿಬೀಳುತ್ತಾರೆ. ಅದನ್ನು ನೋಡಲಿಕ್ಕೆ ಅಂತಲೇ ದಿನಕ್ಕೆ ನಾಲ್ಕು ಸಲ ಕರೆಯುತ್ತೇನೆ.

ನಲವತ್ತಮೂರನೆಯವಳು


ಏಪ್ರಿಲ್ ೨೬

ಚಿನಕುರಳಿ,

ಪಾರ್ಸೆಲ್ ಸಿಕ್ಕಿತು. ವಿಚಾರಣೆಯೂ ಆಯಿತು. ಅಧಿಕಾರಿ ನನ್ನ ಕರಾರುಗಳ ತಾರೀಖನ್ನೂ ತಾತನ ಪುಸ್ತಕವನ್ನೂ ಎದುರುಬದುರು ಇಟ್ಟುಕೊಂಡು ಒಂಬತ್ತೂ ದಿನ ಗುರುತು ಹಾಕಿದರು. ಮ್ಯಾನೇಜರು ತನ್ನ ಕಾಗದಗಳನ್ನು ತಿರುವಿ ಹಾಕುತ್ತಲೇ ಇದ್ದ. ನಾನು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದೆ, ಬಹಳ ಚೆನ್ನಾಗಿತ್ತು. ನಿನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿದರು. ಕೇಳಿದ ನಮ್ಮವಳೊಬ್ಬಳು, “ನಿನ್ನ ತಂಗಿ ಗಂಡನ್ನ ಹೀಗೆ ಕೊಟ್ಟುಬಿಟ್ಟಳಾ?” ಅಂದಳು. 

ಈಗ ಕೆಟ್ಟ ಸುದ್ದಿ. ನನ್ನನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತಾರಂತೆ, ಖಾಯಂ ಆಗಿ. ಉಳಿದವರ ಬೆರಳು ಯಂತ್ರಕ್ಕೆ ಸಿಗುತ್ತಿತ್ತು, ಅವರ ಲೆಕ್ಕ ಯಂತ್ರದಲ್ಲೇ ಇರುತ್ತದೆ ಅಂತ ತಾತ ಬರೆಸಿಕೊಂಡಿರಲಿಲ್ಲ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಖಾಲಿ ದಿನ ಅವರೂ ಬಂದಿದ್ದರು, ಸಾಕ್ಷಿ ಇಲ್ಲ. ನನ್ನನ್ನು ಕರೆಯುವ ಕಾರಣವೂ ನ್ಯಾಯವಲ್ಲ. ಏಜೆನ್ಸಿಯಿಂದ ಬಂದ ನಲವತ್ತು ಹುಡುಗಿಯರಿಗೆ ಒಂದು ಬ್ರಷ್ ನೆಟ್ಟಗೆ ಕಟ್ಟಲು ಬರುತ್ತಿಲ್ಲ, ನಾನು ಕಲಿಸಬೇಕು. ನನ್ನ ಕೈಯಿಂದಲೇ ನಮ್ಮವರ ಜಾಗ ತುಂಬಿಸುವ ಉಪಾಯ ಅದು.

ಬೇಡ ಅಂತ ಎದ್ದು ಬರುವವಳಿದ್ದೆ. ಒಬ್ಬಳಾದರೂ ಒಳಗಿರಲಿ ಅಂತ ನಮ್ಮವರೇ ತಡೆದರು. ನಿಮ್ಮ ಕಡೆಯಿಂದ ಕರಾರಿನ ಕರಡು ಕೊಡಿ, ನೋಡುತ್ತೇವೆ ಅಂತ ಕಾರ್ಖಾನೆಯವರು ಅಂದಿದ್ದಾರೆ. ಅವರ ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ. ನೀನು ಓದು. ನೀನು ಬರೆ. ಈ ಸಲ ಯಾರಿಗಾಗಿ ಬರೆಯುತ್ತಿದ್ದೀಯ ಅಂತ ತಿಳಿದು ಬರೆ.

ಅಕ್ಕ


ಮೇ ೪

ಅಕ್ಕಾ,

ಬರೆದೆ! ಅವರ ಕರಡಿನಲ್ಲಿ ಕೆಲಸದ ವಿವರ ಅನ್ನುವ ಕಡೆ ‘ಮೇಲಧಿಕಾರಿಗಳು ಸೂಚಿಸುವ ಎಲ್ಲ ಕೆಲಸ’ ಅಂತಿತ್ತು. ಅದನ್ನು ತೆಗೆದು, ಕೈ ಮುಗಿದು ನಿಂತಷ್ಟು ವಿನಯದಿಂದ ಹೀಗೆ ಹಾಕಿದೆ: ‘ಸೂಕ್ಷ್ಮ ಬ್ರಷ್‌ಗಳಿಗೆ ಕೂದಲು ಕಟ್ಟುವಲ್ಲಿ ಇವರಿಗಿರುವ ಅಪರೂಪದ ಕೈಚಳಕವನ್ನು ಸಂಸ್ಥೆಯು ಅಭಿಮಾನದಿಂದ ಗೌರವಿಸುತ್ತದೆ, ಇಂಥ ಅಮೂಲ್ಯ ಸಮಯವನ್ನು ಸಂಸ್ಥೆಯು ಬೇರೆ ಯಾವ ಕೆಲಸಕ್ಕೂ ಬಳಸತಕ್ಕದ್ದಲ್ಲ.’

ಓದಿದವನಿಗೆ ಸನ್ಮಾನಪತ್ರದ ಹಾಗೆ ಕಾಣಬೇಕು. ಕಲಿಸುವುದು ‘ಬೇರೆ ಕೆಲಸ’ ಅಂತ ಮ್ಯಾನೇಜರಿಗೆ ಹೊಳೆಯುವಷ್ಟರಲ್ಲಿ ಸಹಿ ಬಿದ್ದಿರಬೇಕು.

ಇನ್ನೊಂದು ಕೇಳು, ಹಬೆಯಾಡುತ್ತಿರುವ ಸುದ್ದಿ. ಇವರದೂ ಖಾಯಂ ಕೆಲಸ ಅಲ್ಲವಂತೆ! ವರ್ಷಕ್ಕೊಮ್ಮೆ ನವೀಕರಿಸುವ ಸಲಹೆಗಾರನಂತೆ, ನನಗೇ ಗೊತ್ತಿರಲಿಲ್ಲ. ಏಪ್ರಿಲ್ ಮೂವತ್ತಕ್ಕೆ ನೋಟೀಸು ಬಂತು, ಒಂದು ತಿಂಗಳ ಗಡುವು. ಸಂಸ್ಥೆಯವರು ಈಗ ಎಲ್ಲರಿಗೂ ನನ್ನ ಕಾಗದವನ್ನೇ ಕಳಿಸುತ್ತಾರೆ. ಹೂವು, ಬೆಳಕು, ಪೂರ್ತಿ! ಇವರು ಊಟದ ಮೇಜಿನಲ್ಲಿ ಅದನ್ನು ಹಿಡಿದುಕೊಂಡು ಕೂತಿದ್ದರು. “ಇದನ್ನ ಓದಿದ್ರೆ ಹೀಗೆ ಅನ್ಸುತ್ತೆ ಅಂತ ನನಗೆ ಗೊತ್ತಿರಲಿಲ್ಲ” ಅಂದರು. “ಮೃದುವಾಗಿದೆಯಾ?” ಅಂತ ಕೇಳಿದೆ. ಅಕ್ಕಾ, ಆ ಒಂದು ಪ್ರಶ್ನೆ ಕೇಳಿದಾಗ ಆದ ಸುಖವನ್ನು ಹೇಳಲಾರೆ. ಆಮೇಲೆ ಪಾತ್ರೆ ತೊಳೆಯುತ್ತಿದ್ದ ಅವರ ಬೆನ್ನು ನೋಡಿ ಸ್ವಲ್ಪ ಪಾಪ ಅನ್ನಿಸಿದ್ದೂ ನಿಜ. ಅದನ್ನೂ ಬರೆಯುತ್ತಿದ್ದೇನೆ, ನಿನ್ನ ಹತ್ತಿರ ಇನ್ನು ಮುಚ್ಚಿಡುವುದಿಲ್ಲ.

ಗಡುವು ಮುಗಿಯುವವರೆಗೆ ಏಳನೇ ಘಟಕದ ಫೈಲು ಇವರದೇ. ಬೇರೆ ಯಾರಿಗೂ ಅದರ ತಲೆಬುಡ ಗೊತ್ತಿಲ್ಲ. ಹಾಗಾಗಿ ನಿಮ್ಮ ಕಡೆಯ ಕರಡು ಅಂತ ನಾನು ಕಾರ್ಖಾನೆಗೆ ಇಮೇಲಿನಲ್ಲಿ ಕಳಿಸಿದ್ದು ಪರಿಶೀಲನೆಗೆ ಬಂದದ್ದೂ ಇವರ ಮೇಜಿಗೇ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಓದುತ್ತಾ ಬಂದರು. ಆ ಸಾಲಿನ ಹತ್ತಿರ ಪೆನ್ನು ನಿಂತಿತು. ಹತ್ತು ವರ್ಷ ಇದನ್ನೇ ಮಾಡಿದ ಮನುಷ್ಯ, ತಿಳಿಯದೇ ಇರುತ್ತದಾ? ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬೇಡಲಿಲ್ಲ, ಹೆದರಿಸಲೂ ಇಲ್ಲ. ‘ತೊಂದರೆ ಇಲ್ಲ’ ಅಂತ ಪಕ್ಕದಲ್ಲಿ ಬರೆದು ಮ್ಯಾನೇಜರಿಗೆ ಕಳಿಸಿಬಿಟ್ಟರು.

ಇದರಿಂದ ಪ್ರೊಬೇಷನ್ ಕಮ್ಮಿಯಾಗುವುದಿಲ್ಲ ಅಂತ ಆಗಲೇ ಹೇಳಿದ್ದೇನೆ.

ಚಿನಕುರಳಿ


ಜೂನ್ ೨೨

ಚಿನಕುರಳಿ,

ಮ್ಯಾನೇಜರು ಸಹಿ ಹಾಕುವಾಗ ಆ ಸಾಲನ್ನು ಗಟ್ಟಿಯಾಗಿ ಓದಿ, “ನೋಡಿ, ನಾವು ನಿಮ್ಮನ್ನ ಎಷ್ಟು ಗೌರವದಿಂದ ನೋಡ್ತೀವಿ” ಅಂದ. ನಾನು ಕೈ ಮುಗಿದೆ.

ಜೂನ್ ಒಂದರಂದು ಹೋದೆ. ಹಳೆಯ ಸ್ಟೂಲುಗಳ ಮೇಲೆ ನಲವತ್ತು ಹೊಸ ಹುಡುಗಿಯರು, ಕೈಯಲ್ಲಿ ದಾರ ಹಿಡಿದು ನನ್ನನ್ನೇ ನೋಡುತ್ತಾ. ನಾನು ನನ್ನ ಜಾಗದಲ್ಲಿ ಕೂತು ನನ್ನ ಬ್ರಷ್ ಕಟ್ಟತೊಡಗಿದೆ. ಮ್ಯಾನೇಜರು ಬಂದ. “ಅಮ್ಮಾ, ಅವರಿಗೆ ಸ್ವಲ್ಪ ತೋರಿಸಿಕೊಡಿ.” “ನನ್ನ ಸಮಯ ಬೇರೆ ಯಾವ ಕೆಲಸಕ್ಕೂ ಬಳಸಬಾರದು ಸಾರ್. ನೀವೇ ಓದಿ ಹೇಳಿದ್ರಲ್ಲ.” ನಗುತ್ತಾ ಹೋದ. ಅರ್ಧ ಗಂಟೆ ಬಿಟ್ಟು ಕರಾರು ಹಿಡಿದುಕೊಂಡು ಬಂದ, ಆಗ ನಗು ಇರಲಿಲ್ಲ. “ಇದು ಮೋಸ” ಅಂದ. “ಒಂಬತ್ತು ವರ್ಷ ನಿಮ್ಮ ಕಾಗದಕ್ಕೆ ನಾನು ಸಹಿ ಹಾಕಿದೀನಿ. ಒಂದೇ ಒಂದು ಸಲ ಹೀಗೆ ಅಂದಿದ್ದೀನಾ?” ಅಂದೆ.

ಎರಡನೇ ದಿನ ನನ್ನ ಪಕ್ಕದ ಹುಡುಗಿ ಮೆಲ್ಲಗೆ ಕೇಳಿದಳು, “ಅಕ್ಕಾ, ಗಂಟು ಹೀಗಾ?” ನಿನ್ನಷ್ಟೇ ವಯಸ್ಸು. ಗಂಟು ತಪ್ಪಾಗಿತ್ತು. ಅವಳ ತಪ್ಪೇನೂ ಇರಲಿಲ್ಲ. ಆದರೂ ನಾನು ತಿರುಗಿ ನೋಡಲಿಲ್ಲ. ಅವಳು ಅದನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು, ಮತ್ತೆ ತಪ್ಪು. ಸಂಜೆವರೆಗೆ ಹಾಗೇ. ಆ ದಿನ ನನಗೆ ಅನ್ನ ಇಳಿಯಲಿಲ್ಲ, ಸೇಡು ತೀರಿಸಿಕೊಳ್ಳುವಾಗ ಇಂಥವರೂ ಅಡ್ಡ ಸಿಗುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ಹದಿನಾಲ್ಕನೇ ದಿನಕ್ಕೆ ಕಾರ್ಖಾನೆ ಸೋತಿತು. ತಯಾರಾದ ಬ್ರಷ್‌ಗಳೆಲ್ಲ ಕೂದಲು ಉದುರಿ ವಾಪಸ್ ಬಂದವಂತೆ. ಹಳಬರಿಗೆ ಹೇಳಿಕಳಿಸಿದರು. ನಮ್ಮವರು ಒಬ್ಬೊಬ್ಬರೇ ಹೋಗಲಿಲ್ಲ, ಎಲ್ಲರೂ ಗೇಟಿನಲ್ಲಿ ಸೇರಿ, ಖಾಯಂ ಆದರೆ ಮಾತ್ರ ಒಳಗೆ ಬರುತ್ತೇವೆ ಅಂದರು. ನಿನ್ನೆ ನಲವತ್ತೊಂದರಲ್ಲಿ ಮೂವತ್ತೆಂಟು ಜನ ಸಹಿ ಹಾಕಿದರು. ಮೂವರು ಬೇರೆ ಊರು ಸೇರಿಬಿಟ್ಟಿದ್ದಾರೆ. ಆ ಮೂರು ಜಾಗದಲ್ಲಿ ಒಂದಕ್ಕೆ ಗಂಟಿನ ಹುಡುಗಿಯನ್ನು ಇಟ್ಟುಕೊಳ್ಳಿ ಅಂತ ನಾವೇ ಕೇಳಿದೆವು. ಹೂಂ ಅಂದಿದ್ದಾರೆ. ಅವಳಿಗೆ ಕಲಿಸುವವಳು ನಾನಲ್ಲ, ಕರಾರು ಒಪ್ಪುವುದಿಲ್ಲ. ನನ್ನ ಎದುರು ಸ್ಟೂಲು ಹಾಕಿಸಿದ್ದೇನೆ, ನೋಡಿಕೊಂಡು ಕಲಿಯಲಿ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿದಾಗ ಹೇಳುತ್ತೇನೆ. ನಿನ್ನ ಗಂಡನ ಮೇಲಿನದು ಇಳಿಯುವ ಲಕ್ಷಣ ಇಲ್ಲ. ಆದರೆ ಮುಂದಿನ ತಿಂಗಳು ನನಗೆ ಹತ್ತು ದಿನ ರಜೆ ಇದೆಯಂತೆ, ಖಾಯಂ ಆದವರಿಗೆ ಕೊಡುತ್ತಾರೆ. ಏನು ಮಾಡಬೇಕೋ ತಿಳಿಯದು, ಅಭ್ಯಾಸವಿಲ್ಲ. ನಿನ್ನ ಮನೆಗೇ ಬರುತ್ತೇನೆ. ಹತ್ತೂ ದಿನ ಅಡುಗೆ ಅವನೇ ಮಾಡಲಿ, ಅವನೇ ಬಡಿಸಲಿ. ನಾನು ಎಲ್ಲವನ್ನೂ ತಿನ್ನುತ್ತೇನೆ. ಒಂದಕ್ಕೂ ಚೆನ್ನಾಗಿದೆ ಅನ್ನುವುದಿಲ್ಲ.

ಅಕ್ಕ